ಕೊಳದ ದಾರಿಗೆ ಬಂದ ಕಟ್ಟಳೆ

ಮಕ್ಕಳೇ, ಒಂದು ಕಾಡಿನ ನಡುವೆ ಒಂದು ಕೊಳವಿತ್ತು. ನೀರಿಗೆ ಇಳಿಯಲು ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ದಾರಿ. ಸುತ್ತುದಾರಿಯೂ ಒಂದಿತ್ತು, ಆದರೆ ಅಲ್ಲಿ ಮೊಣಕಾಲುದ್ದ ಕೆಸರು. ಹಾಗಾಗಿ ಸಂಜೆಯಾದರೆ ಆನೆ, ಕಾಡೆಮ್ಮೆ, ಹಂದಿ, ಜಿಂಕೆ ಎಲ್ಲವೂ ಬಂಡೆಸಂದಿಗೇ ನುಗ್ಗುತ್ತಿದ್ದವು. ತಳ್ಳಾಟವೋ ತಳ್ಳಾಟ!

ಹಿರಿಯ ಆನೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವಳು ಒಂದು ಬೆಳಿಗ್ಗೆ ಸಭೆ ಕರೆದಳು.

"ನಾಳೆಯಿಂದ ಬಂಡೆಸಂದಿಯಲ್ಲಿ ಬರುವವರು ಒಂದೊಂದು ಕಲ್ಲು ತಂದು ಹಾಕಬೇಕು," ಎಂದಳು.

ಮರದ ಮೇಲಿದ್ದ ಮುಸಿಯ ಜಾತಿಯ ಕೋತಿ ಬೂದಪ್ಪ ಅಷ್ಟು ಕೇಳಿದ್ದೇ ತಡ, ಅಲ್ಲಿಂದ ಹಾರಿದ. ಯಾವ ಸುದ್ದಿಯನ್ನಾದರೂ ತಾನೇ ಮೊದಲು ಹೇಳಬೇಕೆಂಬ ಚಪಲ ಅವನಿಗೆ.

ಅವನ ಗೆಳತಿ ಚುಕ್ಕವ್ವ ಎಂಬ ಮುದಿ ಜಿಂಕೆ. ಹಿಂಗಾಲು ಕುಂಟು. ಬೂದಪ್ಪ ಕೊಂಬೆಯಿಂದ ಉದುರಿಸಿದ ಹಣ್ಣು ತಿಂದುಕೊಂಡು ಅವನ ಮರದಡಿಯಲ್ಲೇ ಇರುತ್ತಿದ್ದಳು.

"ಚುಕ್ಕವ್ವ, ಕೇಳಿದೆಯಾ? ನಾಳೆಯಿಂದ ಕೊಳದ ದಾರಿ ಬಂದ್! ಕಲ್ಲು ಹೊತ್ತವರಿಗೆ ಮಾತ್ರ ನೀರಂತೆ."

"ಅಯ್ಯೋ! ಈ ಕಾಲಲ್ಲಿ ನಾನೆಲ್ಲಿ ಹೊರಲಿ? ಬೆಳಗಿನ ಹೊತ್ತಾದರೂ ಸುಮ್ಮನೆ ಬಿಡುತ್ತಾರೇನಪ್ಪ?"

ಬೂದಪ್ಪನಿಗೆ ಅದು ತಿಳಿದಿರಲಿಲ್ಲ. ಆದರೆ 'ಗೊತ್ತಿಲ್ಲ' ಎನ್ನಲು ನಾಲಗೆ ಹೊರಳಲಿಲ್ಲ.

"ಯಾವ ಹೊತ್ತಲ್ಲೂ ಬಿಡುವುದಿಲ್ಲ. ಎಲ್ಲಾ ಆನೆಗಳ ಅನುಕೂಲಕ್ಕೆ ಮಾಡಿಕೊಂಡದ್ದು," ಎಂದುಬಿಟ್ಟ.

ಅದೇ ಮಾತನ್ನು ಹಂದಿಗೂ ಹೇಳಿದ, ಕಾಡೆಮ್ಮೆಗೂ ಹೇಳಿದ. ಸಭೆಗೆ ಹೋಗದವರೆಲ್ಲ ಅದನ್ನೇ ನಂಬಿದರು. ಇವತ್ತೇ ಕೊನೆಯ ನೀರು ಎಂದು ಸಂಜೆಗೆ ಎಂದಿಲ್ಲದ ಹಾಗೆ ಗುಂಪು ಸೇರಿತು.

ಚುಕ್ಕವ್ವ ಯಾವತ್ತೂ ಗದ್ದಲ ಮುಗಿದ ಮೇಲೆ ನಿಧಾನವಾಗಿ ಹೋಗುವವಳು. ಆ ದಿನ ಹೆದರಿ ಗುಂಪಿನೊಳಗೇ ಹೊಕ್ಕಳು. ಬಂಡೆಸಂದಿಯಲ್ಲಿ ಹಿಂದಿನವರು ನೂಕಿದರು. ಅವಳ ಕುಂಟುಗಾಲು ಜಾರಿತು. ಬಿದ್ದವಳು ಯಾರಿಗೂ ಕಾಣಲಿಲ್ಲ.

ಧೂಳು ಅಡಗಿದಾಗ ಬೂದಪ್ಪ ಕೆಳಗಿಳಿದು ಓಡಿಬಂದ. "ಚುಕ್ಕವ್ವ, ಏಳೇ!" ಎಂದು ಅಲುಗಾಡಿಸಿದ. ಅವಳು ಏಳಲಿಲ್ಲ.

ದೊಡ್ಡಮ್ಮ ಬಂದು ಪಕ್ಕದಲ್ಲಿ ನಿಂತಳು. "ಇವಳೇಕೆ ಈ ನೂಕುನುಗ್ಗಲಿಗೆ ಬಂದಳು?"

"ನಾಳೆಯಿಂದ ನೀರಿಲ್ಲವೆಂದು ನಾನೇ ಹೇಳಿದೆ, ದೊಡ್ಡಮ್ಮ."

"ನಾನು ಹಾಗೆ ಹೇಳಿದೆನೇ? ಕಲ್ಲು ಸಂಜೆ ಹೊತ್ತಿಗೆ ಮಾತ್ರ. ಬೆಳಿಗ್ಗೆ ಬಂದವರಿಗೆ ಬೇಡ, ಸುತ್ತುದಾರಿ ಹಿಡಿದವರಿಗೂ ಬೇಡ. ಆ ಕಲ್ಲಿಂದಲೇ ಸುತ್ತುದಾರಿಯ ಕೆಸರು ಮುಚ್ಚುವುದೆಂದೆ. ಮುದುಕರು, ಕುಂಟರು ಯಾವಾಗ ಬಂದರೂ ಕಲ್ಲು ಕೇಳಬಾರದೆಂದೆ. ನೀನು ಅಲ್ಲೇ ಇದ್ದೆಯಲ್ಲೋ?"

"ಮೊದಲ ಮಾತು ಕೇಳಿ ಹೊರಟುಬಿಟ್ಟೆ," ಎಂದು ಬೂದಪ್ಪ ತಲೆ ತಗ್ಗಿಸಿದ.

ದೊಡ್ಡಮ್ಮ ಬೈಯಲಿಲ್ಲ. ಚುಕ್ಕವ್ವನ ಮೈಮೇಲಿನ ಧೂಳನ್ನು ಸೊಂಡಿಲಿಂದ ಮೆಲ್ಲಗೆ ಒರೆಸಿದಳು.

ಮರುದಿನ ಬೂದಪ್ಪ ಮರದಿಂದ ಮರಕ್ಕೆ ಹೋಗಿ, "ನಾನು ಹೇಳಿದ್ದು ತಪ್ಪು," ಎಂದು ನಿಜ ಸಂಗತಿಯನ್ನು ಎಲ್ಲರಿಗೂ ತಿಳಿಸಿದ. ಕಟ್ಟಳೆ ನಡೆಯಿತು. ಸುತ್ತುದಾರಿ ಗಟ್ಟಿಯಾಯಿತು, ಬಂಡೆಸಂದಿಯ ತಳ್ಳಾಟ ತಗ್ಗಿತು. ಮುದಿ ಪ್ರಾಣಿಗಳೂ ಅವಸರವಿಲ್ಲದೆ ನೀರು ಕುಡಿದು ಬರತೊಡಗಿದವು. ಅವು ಇಳಿದು ಹೋಗುವುದನ್ನು ಬೂದಪ್ಪ ಮೇಲಿನಿಂದ ನೋಡುತ್ತಿದ್ದ.

ನೀತಿ: ಅರ್ಧ ಕೇಳಿದ ಮಾತನ್ನು ಊರಿಗೆಲ್ಲ ಹರಡಬಾರದು; ಸುದ್ದಿಯನ್ನು ಆಮೇಲೆ ತಿದ್ದಬಹುದು, ಅದರಿಂದಾದ ಕೇಡನ್ನು ತಿದ್ದಲಾಗದು.