ಹಸಿರು ತಂತಿಯ ಅರ್ಥ

"ಕೇಳಿರಪ್ಪಾ ಕೇಳಿ! ರಾಜಕುಮಾರಿ ಚಂಪಕಮಾಲೆಯವರ ಮೂರು ಒಗಟು! ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ತಲೆದಂಡ!" ಎಂದು ಡಂಗುರ ಸಾರಿದರು. ಅರ್ಧ ರಾಜ್ಯ ಅಂದರೆ ಸಾಕು, ತಲೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ ನೋಡಿ.

ಅರಮನೆಯ ಔಷಧಶಾಲೆಯಲ್ಲೊಂದು ಕರೆಂಟಿನ ತಕ್ಕಡಿ ಇತ್ತು, ಗುಲಗಂಜಿಯ ಕಾಲುಭಾಗವನ್ನೂ ತೂಗುವಂಥದ್ದು. ಮುದುಕಿ ಗಂಗವ್ವ ಅದರಲ್ಲಿ ತೂಗಿಕೊಟ್ಟ ಮದ್ದು ಹೆಚ್ಚಾಗಿ ರಾಜಕುಮಾರಿ ಸತ್ತು ಬದುಕಿದ್ದಳು. ವಿಷವಿಕ್ಕಿದಳೆಂದು ರಾಜ ಗಂಗವ್ವನನ್ನು ಸೆರೆಗೆ ತಳ್ಳಿ, ಹುಣ್ಣಿಮೆಗೆ ಶೂಲ ಎಂದುಬಿಟ್ಟ. ಮಗಳು ನಂಬಲಿಲ್ಲ. ಎಂಟು ದಿನ ತಕ್ಕಡಿಯ ಮುಂದೆ ಕೂತು, ಕಂಡದ್ದನ್ನೇ ಒಗಟು ಮಾಡಿದಳು. ಉತ್ತರ ಹೇಳಿದವರು ತಕ್ಕಡಿಯನ್ನು ಸೊನ್ನೆಗೆ ನಿಲ್ಲಿಸಿಯೂ ತೋರಿಸಬೇಕಿತ್ತು.

ಒಬ್ಬ ದೊರೆಮಗ ಮೊದಲ ಒಗಟಿಗೇ ದೆವ್ವ ಎಂದು ನಿಂಬೆಹಣ್ಣು ನಿವಾಳಿಸಿದ. ಒಬ್ಬ ಪಂಡಿತ ಮೂರನೆಯ ಒಗಟಿನ ಅರ್ಥವೆಂದರೆ ಸಂಪತ್ತು ಎಂದು ತಕ್ಕಡಿಯ ಸುತ್ತ ಚಿನ್ನ ಸುರಿದ. ಅಂಕಿ ಕುಣಿಯುತ್ತಲೇ ಇತ್ತು. ಇಬ್ಬರೂ ತಲೆದಂಡಕ್ಕೆ ಕಾಯುತ್ತ ಸೆರೆಮನೆಯಲ್ಲಿ ಗಂಗವ್ವನ ಪಕ್ಕದ ಕೋಣೆ ಸೇರಿದರು.

ಹಿಂದೆ ನಿಂತಿದ್ದ ವೈರ್‌ಮನ್ ಕೆಂಚಪ್ಪ ಇದನ್ನೆಲ್ಲ ನೋಡುತ್ತಿದ್ದ. ಆ ಔಷಧಶಾಲೆಗೆ ತಂತಿ ಎಳೆದವನು ಅವನೇ. ಯಾರಾದರೂ ಹೇಳಿಯಾರು ಅಂತ ಎರಡು ದಿನ ಬಾಯಿ ಹೊಲಿದುಕೊಂಡಿದ್ದ, ಹೇಡಿ. ಮೂರನೆಯ ದಿನ ಮುಂದೆ ಬಂದ.

"ಖಾಲಿ ತಟ್ಟೆಯಲ್ಲಿ ಕೂತು, ಮುಖ ತೋರದೆ ಭಾರ ತೋರಿಸುವವನು ಯಾರು?" ಎಂದಳು ರಾಜಕುಮಾರಿ.

ಕೊಳೆ ಕರೆಂಟು ಎಂದ ಕೆಂಚಪ್ಪ. ನೀರಿನಲ್ಲಿ ಕೆಸರು ಬಂದ ಹಾಗೆ ಕರೆಂಟಿನಲ್ಲೂ ಕೊಳೆ ಬರುತ್ತದೆ, ತಕ್ಕಡಿ ಅದನ್ನೂ ತೂಕ ಎಂದುಕೊಂಡು ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ ತೋರಿಸುತ್ತದೆ; ಕಮ್ಮಿ ತೋರಿಸಿದಾಗ ಮದ್ದು ಹೆಚ್ಚು ಬೀಳುತ್ತದೆ.

"ಅವನ ಮನೆ ಯಾವುದು?"

ಔಷಧಶಾಲೆಯ ಪಕ್ಕದ ಕೋಣೆಯಲ್ಲಿರುವ ಮದ್ದು ಅರೆಯುವ ಯಂತ್ರ ಎಂದ. ಆನೆಗೂ ಇರುವೆಗೂ ಒಂದೇ ಎಲೆಯಲ್ಲಿ ಬಡಿಸಿದಂತೆ, ಎರಡಕ್ಕೂ ಒಂದೇ ಲೈನು.

"ಎರಡು ತಂತಿ ತಕ್ಕಡಿಯನ್ನು ನಡೆಸುತ್ತವೆ. ಮೂರನೆಯದು, ಹಸಿರುಬಣ್ಣದ್ದು, ಸುಮ್ಮನೆ ನೆಲಕ್ಕಿಳಿದಿದೆ. ಅದಕ್ಕೇನು ಅರ್ಥ?"

"ಅದಕ್ಕೆ ಅರ್ಥೇ ಇಲ್ಲ, ಅಮ್ಮಣ್ಣಿ."

ಸಭೆ ಗೊಳ್ಳೆಂದಿತು. ಕೊಳೆ ಕರೆಂಟನ್ನು ಭೂಮಿಗೆ ಇಳಿಸುವುದಕ್ಕೆ ವೈರ್‌ಮನ್ನರು ಅರ್ಥ್ ಅನ್ನುತ್ತಾರೆಂಬುದು ಆ ಪಂಡಿತರಿಗೆಲ್ಲಿ ಗೊತ್ತು! ಕೆಂಚಪ್ಪ ತಲೆ ತಗ್ಗಿಸಿ ಹೇಳಿದ: "ಏಳಡಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ ತಗಡು ಹೂಳಬೇಕಿತ್ತು. ನೆಲ ಕಲ್ಲಾಗಿತ್ತು. ಅವತ್ತು ಮನೆಯಲ್ಲಿ ಹೋಳಿಗೆ ಊಟ. ತಂತಿಯ ತುದಿಗೆ ಒಂದಿಷ್ಟು ಮಣ್ಣು ಮುಚ್ಚಿ ಎದ್ದುಹೋದೆ. ವಿಷವಿಕ್ಕಿದವನು ನಾನು."

ಅವನೇ ಗುಂಡಿ ತೋಡಿದ, ತಕ್ಕಡಿಗೆ ಬೇರೆ ಲೈನು ಎಳೆದ, ಸ್ಟೆಬಿಲೈಸರ್ ಕೂರಿಸಿದ. ಯಂತ್ರ ಗರಗರ ಅರೆಯುತ್ತಿದ್ದರೂ ಅಂಕಿ ಸೊನ್ನೆಯಲ್ಲೇ ನಿಂತಿತು. ಸೆರೆಯವರೆಲ್ಲ ಬಿಡುಗಡೆಯಾದರು. ರಾಜ ಮಾತು ತಪ್ಪುವವನಲ್ಲ, ಕೆಡಿಸಿದವನಿಗೇ ಅರ್ಧ ರಾಜ್ಯ ಕೊಟ್ಟ!

ಕೆಂಚಪ್ಪ ಹೋಗಿ ಗಂಗವ್ವನ ಕಾಲಿಗೆ ಬಿದ್ದ. ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡು ಅಂದಳು: "ನಿನ್ನೆ ನಾನೇ ಒಪ್ಪಿಕೊಂಡುಬಿಟ್ಟೆ ಕಣಪ್ಪ. ಈ ಕೈಗಳೇ ನಡುಗಿ ಮದ್ದು ಹೆಚ್ಚು ಬಿದ್ದಿರಬೇಕು, ಆ ಮಗೂನ ನಾನೇ ಕೊಲ್ಲುತ್ತಿದ್ದೆ ಅಂತ."