ಗೆದ್ದ ತಂಡದ ಕೋಚ್

ಜಿಲ್ಲಾ ಬ್ಯಾಸ್ಕೆಟ್‌ಬಾಲ್ ಲೀಗಿನ ಅಧ್ಯಕ್ಷ ವೀರಭದ್ರೇಗೌಡರು ಕಚೇರಿಯ ಗುಮಾಸ್ತನನ್ನು ಕರೆದರು.

"ಈ ವರ್ಷದ ಅತ್ಯುತ್ತಮ ಕೋಚ್ ನಮ್ಮ ಭಾವಮೈದ ಲಿಂಗರಾಜು. ವೇದಿಕೆಯಲ್ಲಿ ಅವನ ಹೆಸರನ್ನೇ ಕೂಗಬೇಕು. ತಪ್ಪಿದರೆ ನಿನ್ನ ಕೆಲಸ ಹೋಯಿತು."

ಗೆದ್ದ ತಂಡಕ್ಕೆ ಲಿಂಗರಾಜು ಹೆಸರಿಗಷ್ಟೇ ಕೋಚ್. ಕೋರ್ಟಿನ ಕಡೆ ತಲೆಹಾಕಿದವನೇ ಅಲ್ಲ. ವರ್ಷವಿಡೀ ಆಟ ಕಲಿಸಿದವರು ಸಹಾಯಕ ಕೋಚ್ ಫಿಲೋಮಿನಾ.

"ಆಗಲಿ ಸಾರ್" ಎಂದ ಗುಮಾಸ್ತ.

ಸಮಾರಂಭದಲ್ಲಿ ಮೈಕ್ ಹಿಡಿದು ಕೂಗಿದ: "ಅತ್ಯುತ್ತಮ ಕೋಚ್, ಲಿಂಗರಾಜು! ಆಟಗಾರರೇ, ನಿಮ್ಮ ಕೋಚನ್ನು ನೀವೇ ಕರೆತನ್ನಿ."

ಆಟಗಾರರು ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಎದ್ದು ನಿಂತಿದ್ದ ಲಿಂಗರಾಜುವನ್ನು ದಾಟಿಹೋಗಿ ಫಿಲೋಮಿನಾ ಅವರನ್ನು ವೇದಿಕೆಗೆ ಕರೆತಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಗೌಡರು ಆಕೆಗೇ ಶಾಲು ಹೊದಿಸಬೇಕಾಯಿತು.

ಕೆಳಗಿಳಿದವರೇ ಹಲ್ಲು ಕಡಿದರು. "ಏನಯ್ಯಾ ಇದು?"

"ನೀವು ಹೇಳಿದ ಹೆಸರನ್ನೇ ಕೂಗಿದೆ ಸಾರ್. ತಮ್ಮ ಕೋಚ್ ಯಾರು ಅಂತ ಆಟಗಾರರಿಗೆ ಗೊತ್ತಿರಲ್ವಾ?"