ಕಂಬ, ಹಲಗೆ ಮತ್ತು ಉಪ್ಪುನೀರು

ಹೊಳೆ ಸಮುದ್ರ ಸೇರುವ ಅಳಿವೆಯ ಕಿಂಡಿ ಅಣೆಕಟ್ಟಿನಲ್ಲಿ ಸರ್ಕಾರ ನಿಲ್ಲಿಸಿದ ಸಿಮೆಂಟ್ ಕಂಬಗಳಲ್ಲೊಂದು ಊರವರು ತಂದ ಮರದ ಹಲಗೆಗೆ ಹೇಳಿತು: “ಉಪ್ಪುನೀರು ತಡೆಯಲು ನಾನೊಬ್ಬನೇ ಸಾಕು.”

“ನನಗೂ ನಿನ್ನ ಆಸರೆ ಬೇಕಿಲ್ಲ,” ಎಂದು ಹಲಗೆ ಒಂಟಿಯಾಗಿಯೇ ನೀರಿಗಿಳಿಯಿತು.

ಉಬ್ಬರ ಬಂತು. ಉಪ್ಪುನೀರು ಕಂಬದ ಎರಡೂ ಪಕ್ಕದಿಂದ ನುಗ್ಗಿ, ಹಲಗೆಯನ್ನು ತೇಲಿಸಿಕೊಂಡು ಊರ ಬಾವಿಗಳತ್ತ ಹೊರಟಿತು.

“ನನ್ನ ಪಕ್ಕಕ್ಕೆ ಬಾ,” ಎಂದು ಕಂಬ ಕರೆಯಿತು.

ಮರುದಿನ ಊರವರು ತೇಲಿಹೋದ ಹಲಗೆಯನ್ನೂ ಹಿಡಿದು ತಂದು, ಕಂಬಗಳ ನಡುವೆ ಎರಡು ಸಾಲು ಹಲಗೆ ಇಳಿಸಿ, ಸಾಲುಗಳ ಮಧ್ಯೆ ಮಣ್ಣು ತುಂಬಿ ಮೆಟ್ಟಿದರು. ಉಪ್ಪುನೀರು ಮತ್ತೆ ಬಂದು ಗದರಿತು: “ನನ್ನನ್ನು ತಡೆದವರು ಯಾರು?”

“ಹಲಗೆ,” ಎಂದಿತು ಕಂಬ.

“ಕಂಬ,” ಎಂದಿತು ಹಲಗೆ.

ಉಪ್ಪುನೀರು ಅವರಿಬ್ಬರ ನಡುವೆ ಸಂದು ಹುಡುಕಿತು. ಬೆರಳಷ್ಟೂ ಸಿಗಲಿಲ್ಲ. ಅಣೆಕಟ್ಟಿನ ಹಿಂದೆ ಸಿಹಿನೀರು ತುಂಬುತ್ತಿದ್ದಂತೆ, ಉಪ್ಪುನೀರು ತೆಪ್ಪಗೆ ಸಮುದ್ರದ ದಾರಿ ಹಿಡಿಯಿತು.